ಸೀಪ್ಲೇನ್ ಮಾಡೆಲ್‌ಗೆ ತಂತಿ ಬಿಗಿಯುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸೀಪ್ಲೇನ್ ಮಾಡೆಲ್‌ಗಳ ಕುರಿತವು. ಕಿಟ್ ಜೋಡಿಸುವುದು ಬರುತ್ತದೆ, ಆದರೆ ರಿಗ್ಗಿಂಗ್ ತಂತಿ (ರೆಕ್ಕೆಗಳನ್ನು ಬಿಗಿಹಿಡಿಯುವ ತಂತಿ) ಬಿಗಿಯುವಾಗ, ಸಣ್ಣ ಭಾಗಗಳನ್ನು ಕೂಡಿಸುವಾಗ ಕೈ ಸೋಲುತ್ತದೆ ಎಂಬುದು ಬಹುತೇಕ ಎಲ್ಲರ ಮಾತು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸರ, 1/48 ಅಳತೆಯ ಸೂಪರ್‌ಮರೀನ್ ವಾಲ್ರಸ್ ಕಿಟ್ ಕಟ್ಟಾಕತ್ತೇನಿ. ಮೇಲಿನ ರೆಕ್ಕಿ ಇನ್ನೂ ಅಂಟಿಸಿಲ್ಲ. ರಿಗ್ಗಿಂಗ್ ಬಣ್ಣಕ್ಕಿಂತ ಮೊದಲೋ, ಆಮೇಲೋ? ಎಲ್ಲಿಂದ ಶುರು ಮಾಡಬೇಕ್ರಿ?
ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೇಲಿನ ರೆಕ್ಕೆ ಅಂಟಿಸುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ರಿಗ್ಗಿಂಗ್ ಕೆಲಸದ ಹೆಚ್ಚಿನ ಪಾಲು ರೆಕ್ಕೆಗಳು ಬಿಡಿಯಾಗಿರುವಾಗಲೇ ಮುಗಿಯಬೇಕು. ಎರಡೂ ರೆಕ್ಕೆ ಕೂಡಿದ ಮೇಲೆ ನಡುವಿನ ಸಂದಿಯಲ್ಲಿ ಡ್ರಿಲ್ ಹಿಡಿಯಲು ಜಾಗವೇ ಇರುವುದಿಲ್ಲ.

ಮೊದಲು ಯಾವ ತಂತಿ ಏನು ಮಾಡುತ್ತದೆಂದು ತಿಳಿಯಿರಿ. ವಾಲ್ರಸ್‌ನಂಥ ಬೈಪ್ಲೇನ್ (ಒಂದರ ಮೇಲೊಂದು ರೆಕ್ಕೆಯಿರುವ ವಿಮಾನ) ಹಾರುವಾಗ ರೆಕ್ಕೆಗಳು ಮೇಲಕ್ಕೆ ಎತ್ತಿಕೊಳ್ಳುತ್ತವೆ. ಅವನ್ನು ಕೆಳಗೆ ಹಿಡಿಯುವವು ಫ್ಲೈಯಿಂಗ್ ವೈರ್‌ಗಳು: ಕೆಳರೆಕ್ಕೆಯ ಬುಡದಿಂದ ಮೇಲಿನ ರೆಕ್ಕೆಯ ಹೊರತುದಿಯ ಕಡೆಗೆ ಹೋಗುತ್ತವೆ. ಭಾರವೆಲ್ಲ ಇವುಗಳ ಮೇಲೆ ಬೀಳುವುದರಿಂದ ಬಹಳಷ್ಟು ವಿಮಾನಗಳಲ್ಲಿ ಇವು ಜೋಡಿ ತಂತಿ. ವಿಮಾನ ನಿಂತಾಗ ರೆಕ್ಕೆ ಜೋತುಬೀಳದಂತೆ ಹಿಡಿಯುವವು ಲ್ಯಾಂಡಿಂಗ್ ವೈರ್‌ಗಳು: ಮೇಲಿನ ರೆಕ್ಕೆಯ ನಡುಭಾಗದಿಂದ ಕೆಳರೆಕ್ಕೆಯ ಹೊರಗಡೆಗೆ ಇಳಿಯುತ್ತವೆ. ಎರಡು ರೆಕ್ಕೆಗಳ ನಡುವಿನ ಗಟ್ಟಿ ಕಂಬಗಳೇ ಸ್ಟ್ರಟ್; ಮುಂದಿನ ಸ್ಟ್ರಟ್ ಮತ್ತು ಹಿಂದಿನ ಸ್ಟ್ರಟ್ ನಡುವೆ ಕತ್ತರಿಯಾಕಾರದಲ್ಲಿ ಬರುವವು ಇನ್ಸಿಡೆನ್ಸ್ ವೈರ್‌ಗಳು. ಈ ಮೂರನ್ನು ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಕಿಟ್‌ನ ನಕ್ಷೆಯ ಮೇಲೆ ಗುರುತು ಮಾಡಿಟ್ಟುಕೊಂಡರೆ ಮುಂದೆ ಗೊಂದಲವಿಲ್ಲ. ಅನುಮಾನ ಬಂದ ಕಡೆ ನಿಜವಾದ ವಿಮಾನದ ಫೋಟೊ ನೋಡಿ. ಇಂಗ್ಲೆಂಡಿನ ಯೋವಿಲ್ಟನ್‌ನ ಫ್ಲೀಟ್ ಏರ್ ಆರ್ಮ್ ಮ್ಯೂಸಿಯಂನಲ್ಲಿ ಒಂದು ವಾಲ್ರಸ್ ಇದೆ. ಲಂಡನ್ನಿನ ಹೆಂಡನ್ ಮ್ಯೂಸಿಯಂನಲ್ಲಿರುವ ಸೀಗಲ್-5 ಕೂಡ ಇದೇ ವಿಮಾನ.

ಇನ್ನು ತೂತು. ಗುರುತಿನ ಮೇಲೆ ಸೂಜಿಮೊನೆಯಿಂದ ಒತ್ತಿ ಸಣ್ಣ ಕುಳಿ ಮಾಡಿ, ಇಲ್ಲದಿದ್ದರೆ ಬಿಟ್ ಜಾರಿ ಗೀರು ಬೀಳುತ್ತದೆ. ಪಿನ್ ವೈಸ್‌ನಲ್ಲಿ (ಬೆರಳಿನಿಂದ ತಿರುಗಿಸುವ ಪುಟ್ಟ ಕೈಡ್ರಿಲ್) 0.3 ಮಿ.ಮೀ. ಬಿಟ್ ಸಾಕು. ಬೆರಳಿನಿಂದ ನಿಧಾನವಾಗಿ ತಿರುಗಿಸಿ, ನಾಲ್ಕೈದು ಸುತ್ತಿಗೊಮ್ಮೆ ಹೊರತೆಗೆದು ಪುಡಿ ಊದಿ. ಈ ಬಿಟ್ ಮುರಿಯುವುದು ಒತ್ತಡದಿಂದಲ್ಲ, ಪಕ್ಕಕ್ಕೆ ವಾಲುವುದರಿಂದ. ನಾಲ್ಕೈದು ಹೆಚ್ಚುವರಿ ಇಟ್ಟುಕೊಂಡಿರಿ. ಬಹುಮಂದಿ ತಪ್ಪುವುದು ಕೋನದಲ್ಲಿ. ತೂತನ್ನು ರೆಕ್ಕೆಗೆ ನೇರವಾಗಿ ಕೊರೆಯಬಾರದು, ತಂತಿ ಹೋಗುವ ದಿಕ್ಕಿಗೇ ಓರೆಯಾಗಿ ಕೊರೆಯಬೇಕು. ನೇರ ತೂತಿನಿಂದ ಬಂದ ತಂತಿ ರೆಕ್ಕೆಯ ಮೈಹತ್ತಿರ ಮೊಣಕೈಯಂತೆ ಬಾಗುತ್ತದೆ, ಎಷ್ಟು ಬಿಗಿದರೂ ಆ ಬಾಗು ಕಾಣುತ್ತದೆ. ಮೇಲಿನ ರೆಕ್ಕೆಯಲ್ಲಿ 1 ಮಿ.ಮೀ. ಆಳದ ಕುರುಡು ತೂತು, ಕೆಳರೆಕ್ಕೆಯಲ್ಲಿ ಆಚೆಗೆ ಪೂರ್ತಿ ಹಾಯುವ ತೂತು. ಕೆಳರೆಕ್ಕೆಯ ತಳ ಯಾರ ಕಣ್ಣಿಗೂ ಬೀಳದ ಜಾಗ, ಆಮೇಲೆ ತುಂಬಿ ಬಣ್ಣ ಹಚ್ಚಬಹುದು.

ತೂತುಗಳಲ್ಲಿ ತಂತಿಯ ತುಂಡು ಸಿಕ್ಕಿಸಿ ಪ್ರೈಮರ್, ಬಣ್ಣ, ಡೆಕಲ್, ವಾರ್ನಿಶ್ ಎಲ್ಲವನ್ನೂ ಮುಗಿಸಿ. ತುಂಡು ಸಿಕ್ಕಿಸದಿದ್ದರೆ ತೂತು ಬಣ್ಣದಿಂದ ಮುಚ್ಚಿಹೋಗುತ್ತದೆ. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ: ತೂತು ಬಣ್ಣಕ್ಕಿಂತ ಮೊದಲು, ತಂತಿ ಬಣ್ಣದ ನಂತರ.

ಈಗ ಮೇಲಿನ ರೆಕ್ಕೆಯ ಪ್ರತಿ ತೂತಿಗೂ 12ರಿಂದ 15 ಸೆಂ.ಮೀ. ಉದ್ದದ ನೈಲಾನ್ ದಾರವನ್ನು ಸೂಪರ್‌ಗ್ಲೂನಿಂದ ಅಂಟಿಸಿ. ಇನ್ನೊಂದು ತುದಿಗಳನ್ನು ರೆಕ್ಕೆಯ ಬೆನ್ನ ಮೇಲೆ ಮಾಸ್ಕಿಂಗ್ ಟೇಪಿನಿಂದ ಹಿಡಿದಿಡಿ. ಆಮೇಲೆ ಸ್ಟ್ರಟ್‌ಗಳ ಮೇಲೆ ಮೇಲಿನ ರೆಕ್ಕೆ ಕೂಡಿಸಿ. ಕೂಡಿಸುವಾಗ ದಪ್ಪ ಫೋಮ್‌ಬೋರ್ಡ್‌ನಲ್ಲಿ ಕತ್ತರಿಸಿದ ಎರಡು ಆಸರೆ ತುಂಡುಗಳು ಎಡಬಲಕ್ಕೆ ಇರಲಿ. ಅಂಟು ಒಂದು ರಾತ್ರಿ ಪೂರ್ತಿ ಒಣಗಬೇಕು. ರೆಕ್ಕೆಯನ್ನು ಹಿಡಿಯುವುದು ಸ್ಟ್ರಟ್‌ನ ಅಂಟು, ದಾರವಲ್ಲ. ಹಸಿ ಅಂಟಿನ ಮೇಲೆ ದಾರ ಜಗ್ಗಿದರೆ ರೆಕ್ಕೆ ಸೊಟ್ಟಗಾಗುತ್ತದೆ.

ಬಿಗಿಯುವ ಕ್ರಮ ಒಳಗಿನಿಂದ ಹೊರಕ್ಕೆ. ಮೊದಲು ಎಂಜಿನ್ ಬಳಿಯ ತಂತಿಗಳು, ಆಮೇಲೆ ಇನ್ಸಿಡೆನ್ಸ್, ಆಮೇಲೆ ಲ್ಯಾಂಡಿಂಗ್, ಕೊನೆಗೆ ಫ್ಲೈಯಿಂಗ್ ವೈರ್. ಹೊರಗಿನದನ್ನು ಮೊದಲು ಕಟ್ಟಿದರೆ ಒಳಗೆ ಚಿಮಟ ಹೋಗುವುದಿಲ್ಲ. ದಾರವನ್ನು ಕೆಳರೆಕ್ಕೆಯ ತೂತಿನಿಂದ ಇಳಿಸಿ, ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಸಿಕ್ಕಿಸಿ ತೂಗುಬಿಡಿ. ಅಷ್ಟು ಭಾರ ಸಾಕು, ಕೈಯಿಂದ ಜಗ್ಗುವುದು ಬೇಡ. ತಳದಲ್ಲಿ ಸೂಪರ್‌ಗ್ಲೂವಿನ ಸೂಜಿಮೊನೆಯಷ್ಟು ಹನಿ ಮುಟ್ಟಿಸಿ. ಹತ್ತು ನಿಮಿಷದ ನಂತರ ಹೊಸ ಬ್ಲೇಡಿನಿಂದ ಮೈಮಟ್ಟಕ್ಕೆ ಕತ್ತರಿಸಿ. ಎಡಗಡೆ ಒಂದು ಕಟ್ಟಿದರೆ ಬಲಗಡೆ ಅದರ ಜೋಡಿ ಕಟ್ಟಿಯೇ ಮುಂದೆ ಹೋಗಿ. ಒಂದು ಪಕ್ಕ ಪೂರ್ತಿ ಮುಗಿಸಿದರೆ ಆ ಕಡೆಗೆ ರೆಕ್ಕೆ ತಿರುಚಿಕೊಳ್ಳುತ್ತದೆ.

ಹನಿ ಇಡಲು ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಇಕ್ಕಳದಿಂದ ಕತ್ತರಿಸಿ. ಉಳಿಯುವ ಎರಡು ಹಲ್ಲಿನ ನಡುವೆ ಒಂದೇ ಅಳತೆಯ ಹನಿ ನಿಲ್ಲುತ್ತದೆ. ಟೂತ್‌ಪಿಕ್‌ಗಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಹೊರದೇಶದ ರಿಗ್ಗಿಂಗ್ ದಾರ ತುಟ್ಟಿ. ನಮ್ಮೂರಿನಲ್ಲೇ ಸಿಗುವ ಸಾಮಾನಿನಿಂದ ಆಗುತ್ತದೆಯೇ? ಎಷ್ಟು ದಪ್ಪದ್ದು ಬೇಕು?
ಬೆಟಗೇರಿ, ಗದಗ

ಉತ್ತರ: ಆಗುತ್ತದೆ. ದಪ್ಪದ ಲೆಕ್ಕ ಸರಳ: ನಿಜವಾದ ತಂತಿಯ ದಪ್ಪವನ್ನು ಮಾಡೆಲ್‌ನ ಸ್ಕೇಲ್ ಸಂಖ್ಯೆಯಿಂದ (1/48 ಆದರೆ 48ರಿಂದ) ಭಾಗಿಸಿ. 5 ಮಿ.ಮೀ. ಕೇಬಲ್ 1/72ರಲ್ಲಿ 0.07 ಮಿ.ಮೀ., 1/48ರಲ್ಲಿ 0.1 ಮಿ.ಮೀ. ಆಗುತ್ತದೆ. 10 ಮಿ.ಮೀ. ಅಗಲದ ಪಟ್ಟಿತಂತಿ 1/72ರಲ್ಲಿ 0.14, 1/48ರಲ್ಲಿ 0.2. ಕಣ್ಣಿಗೆ ಎರಡು ಆಯ್ಕೆಯಿದ್ದರೆ ಸಣ್ಣದನ್ನೇ ಆರಿಸಿ. ದಪ್ಪ ತಂತಿ ಇಡೀ ಮಾಡೆಲ್‌ನ ಅಳತೆಯನ್ನೇ ಕೆಡಿಸುತ್ತದೆ. ತಂತಿ ಇಲ್ಲದಿದ್ದರೂ ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ.

ತಾಮ್ರದ ತಂತಿ ಯಾವುದೇ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಗೇಜ್ ನಂಬರ್ ಹೇಳಿ ಕೇಳಿ: 44 ಅಂದರೆ 0.08 ಮಿ.ಮೀ., 42 ಅಂದರೆ 0.1, 40 ಅಂದರೆ 0.12, 38 ಅಂದರೆ 0.15, 36 ಅಂದರೆ 0.19. ತುಂಡು ತಂತಿಯನ್ನು ನೇರ ಮಾಡಲು ಒಂದು ತುದಿಯನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ತಂತಿ ಒಂಚೂರು ಬಿಟ್ಟುಕೊಟ್ಟಂತೆ ಕೈಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಿ. ಆಗ ಅದು ಗೆರೆ ಎಳೆದಷ್ಟು ನೇರ. ಸಂದಿಯ ಉದ್ದವನ್ನು ಕಂಪಾಸ್ ಪೆಟ್ಟಿಗೆಯ ಡಿವೈಡರ್‌ನಿಂದ ಅಳೆದು ಕತ್ತರಿಸಿ.

ಆದರೆ ತಾಮ್ರಕ್ಕೆ ಒಂದು ತೊಂದರೆ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಿಸಿಗೆ ಪ್ಲಾಸ್ಟಿಕ್ ಹಿಗ್ಗುವಷ್ಟು ತಾಮ್ರ ಹಿಗ್ಗುವುದಿಲ್ಲ. ಗದಗಿನ ಮೇ ತಿಂಗಳ ಮಧ್ಯಾಹ್ನ ಎರಡೂ ತುದಿ ಅಂಟಿಸಿದ 60 ಮಿ.ಮೀ. ತಂತಿಯ ಸಂದಿ ಡಿಸೆಂಬರ್ ಮುಂಜಾನೆ ತಂತಿಗಿಂತ 0.05 ಮಿ.ಮೀ. ಹೆಚ್ಚು ಕುಗ್ಗಿದರೂ ತಂತಿ ನಡುವೆ ಒಂದು ಮಿ.ಮೀ. ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ಒಂದು ತುದಿ ಮಾತ್ರ ಅಂಟಿಸಿ, ಇನ್ನೊಂದು ತುದಿ 0.4 ಮಿ.ಮೀ. ತೂತಿನಲ್ಲಿ ಸಡಿಲವಾಗಿ ಜಾರುವಂತಿರಲಿ.

ಖರ್ಚೇ ಇಲ್ಲದ ದಾರಿ ಎಂದರೆ ಕಿಟ್‌ನ ಸ್ಪ್ರೂ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ. ಎಂಟು ಹತ್ತು ಸೆಂ.ಮೀ. ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ತುದಿಯಿಂದ ಎರಡು ಸೆಂ.ಮೀ. ಮೇಲೆ ತಿರುಗಿಸುತ್ತ ಕಾಯಿಸಿ. ನಡುವೆ ಹೊಳಪು ಬಂದು ಜೋಲತೊಡಗಿದಾಗ ಬೆಂಕಿಯಿಂದ ಹೊರಗೆ ತಂದು, ಒಂದು ಕ್ಷಣ ಬಿಟ್ಟು, ಒಂದೇ ವೇಗದಲ್ಲಿ ಎಳೆಯಿರಿ. ಬೇಗ ಎಳೆದರೆ ಸಣ್ಣ ಎಳೆ, ನಿಧಾನಿಸಿದರೆ ದಪ್ಪ. ತಣಿಯುವವರೆಗೆ ಎರಡೂ ಕೈ ಅಲ್ಲಾಡಬಾರದು. ಬೆಂಕಿಯೊಳಗೇ ಎಳೆದರೆ ಹರಿದುಹೋಗುತ್ತದೆ. ದಪ್ಪ ತಿಳಿಯಲು ಎಳೆಯನ್ನು ಪೆನ್ಸಿಲ್ ಮೇಲೆ ಒತ್ತೊತ್ತಾಗಿ 20 ಸುತ್ತು ಸುತ್ತಿ ಅಳೆಯಿರಿ. ಎರಡು ಮಿ.ಮೀ. ಬಂದರೆ ಎಳೆ 0.1 ಮಿ.ಮೀ. ಇದೆ.

ನೈಲಾನ್ ಬೇಕೆಂದರೆ ಹೊಲಿಗೆ ಸಾಮಾನಿನ ಅಂಗಡಿಯ ಪಾರದರ್ಶಕ ದಾರ, ಇಲ್ಲವೇ ಮೀನು ಹಿಡಿಯುವ ಸಣ್ಣ ದಾರ ನಡೆಯುತ್ತದೆ. ಅದನ್ನು ಕಟ್ಟುವ ಮೊದಲೇ ಕಪ್ಪು ಮಾರ್ಕರ್ ಪೆನ್ನಿನ ತುದಿಯ ಮೇಲಿಂದ ಎಳೆದರೆ ಕಡುಬೂದು ಬಣ್ಣ ಹಿಡಿಯುತ್ತದೆ. ಅಚ್ಚ ಕಪ್ಪು ಮಾಡಬೇಡಿ, ಈ ಸಣ್ಣ ಅಳತೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ.

1/48ರಲ್ಲಿ ಇನ್ನೂ ಅಚ್ಚುಕಟ್ಟು ಬೇಕೆಂದರೆ: ಆ ಕಾಲದ ಬ್ರಿಟಿಷ್ ಬೈಪ್ಲೇನ್‌ಗಳ ತಂತಿ ಹೆಚ್ಚಾಗಿ ದುಂಡಗಿರಲಿಲ್ಲ, ಗಾಳಿ ಸೀಳುವಂತೆ ಚಪ್ಪಟೆಯಾಗಿತ್ತು. 36 ಗೇಜ್ ತಾಮ್ರವನ್ನು ಅಕ್ಕಸಾಲಿಗರ ಅಂಗಡಿಯ ಕೈರೋಲರ್‌ನಲ್ಲಿ ಒಮ್ಮೆ ಹಾಯಿಸಿದರೆ ಅದೇ ಆಕಾರ ಬರುತ್ತದೆ. ಕೂಡಿಸುವಾಗ ಸಪೂರ ಅಂಚು ಮುಂದಕ್ಕಿರಲಿ.

ಪ್ರಶ್ನೆ: ಜೂನ್‌ನಲ್ಲಿ ಬಿಗಿಯಾಗಿದ್ದ ನೈಲಾನ್ ದಾರ ಜುಲೈ ಮಳೆಯಲ್ಲಿ ಸಡಿಲಾಗಿದೆ. ಸೂಪರ್‌ಗ್ಲೂ ಹಾಕಿದ ಕಡೆಯಲ್ಲೆಲ್ಲ ಬಿಳಿ ಬೂಷ್ಟಿನಂಥದ್ದು ಕಾಣುತ್ತದೆ, ಕಾಕ್‌ಪಿಟ್ ಗಾಜೂ ಮಂಜಾಗಿದೆ.
ಸಪ್ತಾಪುರ, ಧಾರವಾಡ

ಉತ್ತರ: ಎರಡಕ್ಕೂ ಧಾರವಾಡದ ಮಳೆಗಾಲವೇ ಕಾರಣ. ನೈಲಾನ್ ತೇವ ಹೀರಿ ಉದ್ದವಾಗುತ್ತದೆ. ಊದಿನಕಡ್ಡಿ ಹಚ್ಚಿ, ಬೂದಿ ಕೊಡವಿ, ಕೆಂಡದ ತುದಿಯನ್ನು ದಾರಕ್ಕೆ ಎರಡು ಮೂರು ಮಿ.ಮೀ. ದೂರದಲ್ಲಿ ಹಿಡಿದು ಸರ್ರನೆ ಸರಿಸುತ್ತ ಹೋಗಿ. ನೋಡುನೋಡುತ್ತಿದ್ದಂತೆ ದಾರ ಕುಗ್ಗಿ ಬಿಗಿಯಾಗುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಕರಗಿ ತುಂಡಾಗುತ್ತದೆ, ಆದ್ದರಿಂದ ಮೊದಲು ಬೇರೆ ದಾರದ ಮೇಲೆ ಅಭ್ಯಾಸ ಮಾಡಿ. ಎಳೆದ ಸ್ಪ್ರೂಗೂ ಇದೇ ಉಪಾಯ ಫಲಿಸುತ್ತದೆ, ಇನ್ನಷ್ಟು ದೂರದಿಂದ. ತಾಮ್ರಕ್ಕೆ ಫಲಿಸುವುದಿಲ್ಲ. ಮುಂದಿನ ಮಾಡೆಲ್‌ಗೆ ಮೀನುದಾರದಲ್ಲಿ ಫ್ಲೋರೋಕಾರ್ಬನ್ ಸಿಕ್ಕರೆ ಅದನ್ನೇ ಬಳಸಿ, ಅದು ನೀರು ಹೀರುವುದಿಲ್ಲ. ರಬ್ಬರಿನಂತೆ ಹಿಗ್ಗುವ ರಿಗ್ಗಿಂಗ್ ದಾರವೂ ಮಳೆಗೆ ಜಗ್ಗುವುದಿಲ್ಲ. 60 ಮಿ.ಮೀ. ಸಂದಿಗೆ 52 ಮಿ.ಮೀ. ಕತ್ತರಿಸಿ, ಹಿಗ್ಗಿಸಿ ಅಂಟಿಸಬೇಕು. ಅದಕ್ಕಿಂತ ಹೆಚ್ಚು ಎಳೆದರೆ ಸಣ್ಣ ಸ್ಟ್ರಟ್‌ಗಳು ಬಾಗುತ್ತವೆ.

ಸೂಪರ್‌ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ತೇವ ಹೆಚ್ಚಾದಷ್ಟೂ ಅದರ ಆವಿ ಸುತ್ತಮುತ್ತ ಬಿಳಿಪುಡಿಯಾಗಿ ಕೂರುತ್ತದೆ, ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಎದ್ದು ಕಾಣುತ್ತದೆ. ಹನಿ ಚಿಕ್ಕದಾಗಿರಲಿ, ಫ್ಯಾನ್ ಗಾಳಿ ಆವಿಯನ್ನು ಆಚೆಗೆ ಒಯ್ಯುವಂತಿರಲಿ. ಗಾಜಿನ ಭಾಗಗಳಿಗೆ ಫೆವಿಕಾಲ್ ಥರದ ಬಿಳಿ ಅಂಟೇ ಸರಿ. ಈಗ ಮಂಜಾಗಿರುವ ಗಾಜಿಗೆ ಒಳಹೊರಗೆ ಹೊಳಪಿನ ಅಕ್ರಿಲಿಕ್ ವಾರ್ನಿಶ್‌ನ ತೆಳುಪದರ ಹಚ್ಚಿ, ಮಂಜು ಬಹುಮಟ್ಟಿಗೆ ಮರೆಯಾಗುತ್ತದೆ. ಬಣ್ಣದ ಮೇಲಿನ ಬಿಳಿಗೆ ಮ್ಯಾಟ್ ವಾರ್ನಿಶ್ ಸಾಕು. ಮಳೆ ಸುರಿಯುವ ದಿನ ಲ್ಯಾಕರ್ ಬಣ್ಣ ಸಿಂಪಡಿಸಬೇಡಿ, ಅದೂ ಬೆಳ್ಳಗಾಗುತ್ತದೆ.

ಪ್ರಶ್ನೆ: ರಿಗ್ಗಿಂಗ್ ಇರುವ ಸೀಪ್ಲೇನ್ ಮೊದಲ ಸಲ ಕಟ್ಟಬೇಕೆಂದಿದ್ದೇನೆ. ಯಾವುದರಿಂದ ಆರಂಭಿಸಲಿ?
ರಾಣೆಬೆನ್ನೂರು

ಉತ್ತರ: ಬೈಪ್ಲೇನ್ ಬೇಡ. ಸೂಪರ್‌ಮರೀನ್ ಎಸ್.6ಬಿ ತೆಗೆದುಕೊಳ್ಳಿ. 1931ರಲ್ಲಿ ಸೀಪ್ಲೇನ್‌ಗಳ ವೇಗಸ್ಪರ್ಧೆಯಾದ ಷ್ನೈಡರ್ ಟ್ರೋಫಿ ಗೆದ್ದು, ಅದೇ ತಿಂಗಳು ಗಂಟೆಗೆ 400 ಮೈಲಿಯ ಗಡಿ ದಾಟಿದ ವಿಮಾನವಿದು. ಒಂದೇ ರೆಕ್ಕೆ, ಎರಡು ಫ್ಲೋಟ್ (ನೀರಿನ ಮೇಲೆ ತೇಲಿಸುವ ದೋಣಿಯಾಕಾರದ ಕಾಲು). ರೆಕ್ಕೆಯಿಂದ ಮೈಗೆ, ರೆಕ್ಕೆಯಿಂದ ಫ್ಲೋಟ್‌ಗೆ, ಫ್ಲೋಟ್‌ಗಳ ನಡುವೆ ಬಿಗಿದ ತಂತಿಗಳು ಕೆಲವೇ. ಎಲ್ಲವೂ ಹೊರಗಡೆಯೇ ಇರುವುದರಿಂದ ಕೈ ಸಲೀಸಾಗಿ ಹೋಗುತ್ತದೆ. 1/72ರಲ್ಲಿ ರೆಕ್ಕೆಯ ಅಗಲ 127 ಮಿ.ಮೀ. ಮಾತ್ರ. ಫ್ಲೋಟ್‌ಗಳು ಒಂದಕ್ಕೊಂದು ಸಮಾಂತರವಾಗಿ ಕೂತ ಮೇಲಷ್ಟೇ ತಂತಿಗೆ ಕೈ ಹಾಕಿ. ಆಮೇಲೆ ಸರಿಪಡಿಸಲು ಬರುವುದಿಲ್ಲ.

ಪ್ರಶ್ನೆ: ವಾಲ್ರಸ್ ಎಂಜಿನ್ ಮೇಲಿಂದ ನೋಡಿದರೆ ಸೊಟ್ಟ ಕೂತಂತೆ ಕಾಣುತ್ತದೆ. ಕಿಟ್‌ನಲ್ಲೇ ದೋಷವೇ? ಎಂಜಿನ್‌ಗೆ ಇನ್ನೇನು ಕೂಡಿಸಬಹುದು?
ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ದೋಷವಲ್ಲ, ದಯವಿಟ್ಟು ನೇರ ಮಾಡಬೇಡಿ! ನಿಜವಾದ ವಿಮಾನದಲ್ಲೇ ಎಂಜಿನ್ ಗೂಡನ್ನು ಬಲಕ್ಕೆ 3 ಡಿಗ್ರಿ ತಿರುಗಿಸಿ ಕೂಡಿಸಿದ್ದರು. ಹಿಂದಕ್ಕೆ ಮುಖಮಾಡಿದ ಪ್ರೊಪೆಲರ್ ಎಬ್ಬಿಸುವ ಸುಳಿಗಾಳಿ ಬಾಲದ ರಡರ್‌ನ (ದಿಕ್ಕು ತಿರುಗಿಸುವ ಹಲಗೆ) ಎರಡು ಪಕ್ಕಕ್ಕೆ ಸಮನಾಗಿ ಬಡಿಯದೆ ವಿಮಾನ ಒಂದು ಕಡೆಗೆ ತಿರುಗುತ್ತಿತ್ತು. ಆ ಎಳೆತವನ್ನು ಸರಿದೂಗಿಸಲು ಈ ಓರೆ. ಎಂಜಿನ್ ಸ್ಟ್ರಟ್‌ಗಳ ಬಳಿ ತಂತಿ ಬಿಗಿಯುವಾಗಲೂ ಈ 3 ಡಿಗ್ರಿ ನೆನಪಿನಲ್ಲಿರಲಿ. ಎಡಬಲದ ಉದ್ದ ಒಂದೇ ಎಂದು ನಂಬಿ ಕತ್ತರಿಸಬೇಡಿ, ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ.

ಅದು ಬ್ರಿಸ್ಟಲ್ ಪೆಗಾಸಸ್, ಒಂಬತ್ತು ಸಿಲಿಂಡರ್‌ನ ರೇಡಿಯಲ್ ಎಂಜಿನ್ (ಸಿಲಿಂಡರ್‌ಗಳು ಸುತ್ತಲೂ ವೃತ್ತಾಕಾರದಲ್ಲಿರುವ ಎಂಜಿನ್). ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್‌ನಂತೆ 18 ವೈರ್ ಬೇಕು. 1/48ಕ್ಕೆ 40 ಗೇಜ್ ತಾಮ್ರ ಸರಿಹೋಗುತ್ತದೆ. ಸಿಲಿಂಡರ್‌ಗಳನ್ನು ಅಂಟಿಸುವ ಮೊದಲೇ 0.3 ಬಿಟ್‌ನಿಂದ ಕುಳಿ ಮಾಡಿ, ಪ್ರತಿ ವೈರನ್ನೂ ಒಂದೇ ಬಾಗಿಗೆ ಬಗ್ಗಿಸಲು ಡ್ರಿಲ್ ಬಿಟ್ಟಿನ ಹಿಡಿಕೆಗೆ ಸುತ್ತಿ. ಪುಶ್‌ರಾಡ್ ಕೊಳವೆಗಳು ಕಿಟ್‌ನಲ್ಲಿ ದಪ್ಪ ಇದ್ದರೆ ಕೆತ್ತಿ ತೆಗೆದು 28 ಗೇಜ್ ತಂತಿ ಹಾಕಿ. 1/72ರಲ್ಲಾದರೆ ಇಷ್ಟು ಮಾಡುವುದು ಬೇಕಿಲ್ಲ, ಮುಂದಿನಿಂದ ಕಾಣುವ ವೈರ್‌ಗಳಷ್ಟೇ ಸಾಕು.

ಪ್ರಶ್ನೆ: ಫ್ಲೋಟ್ ಮೇಲಿನ ಕೊಂಡಿ, ನೀರಿನ ರಡರ್, ಸೀಟ್ ಬೆಲ್ಟ್ ಮುಂತಾದ ಸಣ್ಣ ಭಾಗಗಳನ್ನು ಫೋಟೊ-ಎಚ್ ಸೆಟ್ (ತೆಳು ಲೋಹದ ಸಿದ್ಧ ಭಾಗಗಳು) ಕೊಳ್ಳದೆ ಮಾಡಿಕೊಳ್ಳಬಹುದೇ?
ಮುಳಗುಂದ ನಾಕಾ, ಗದಗ

ಉತ್ತರ: ಗದಗಿನವರಿಗೆ ಇದಕ್ಕೆ ಬೇಕಾದ ಒಳ್ಳೆಯ ಸಾಮಾನು ಕೈಯಳತೆಯಲ್ಲೇ ಇದೆ. ಆಫ್‌ಸೆಟ್ ಪ್ರೆಸ್‌ನಲ್ಲಿ ಕೆಲಸ ಮುಗಿದ ಅಲ್ಯೂಮಿನಿಯಂ ಪ್ಲೇಟ್ ಕೇಳಿ ತನ್ನಿ. ಅದರಲ್ಲಿ 0.15 ಮಿ.ಮೀ. ದಪ್ಪದ್ದನ್ನು ಆರಿಸಿ. ಸೀಮೆಎಣ್ಣೆಯಿಂದ ಇಂಕು ಒರೆಸಿ, ಸೋಪಿನಲ್ಲಿ ತೊಳೆದರೆ ಸಿದ್ಧ. ಬ್ಲೇಡಿನಿಂದ ಎರಡು ಮೂರು ಸಲ ಗೀರಿ ಬಗ್ಗಿಸಿದರೆ ಗೀರಿನ ಗುಂಟ ಮುರಿಯುತ್ತದೆ. ನೀರಿನ ರಡರ್, ಫ್ಲೋಟ್ ಸ್ಟ್ರಟ್‌ನ ಬುಡದ ಪಟ್ಟಿ, ತಪಾಸಣೆ ಮುಚ್ಚಳ ಎಲ್ಲವೂ ಇದರಲ್ಲಾಗುತ್ತವೆ. ಸೀಟ್ ಬೆಲ್ಟ್‌ಗೆ ಇದು ದಪ್ಪವಾಯಿತು. ಮಾತ್ರೆ ಪಟ್ಟಿಯ ಹಿಂದಿನ ತೆಳು ಅಲ್ಯೂಮಿನಿಯಂ ಹಾಳೆ ಬಳಸಿ; 1/48ರಲ್ಲಿ 1 ಮಿ.ಮೀ., 1/72ರಲ್ಲಿ 0.7 ಮಿ.ಮೀ. ಅಗಲ.

ಹಗ್ಗ ಸುತ್ತುವ ಕೊಂಡಿಗೆ 36 ಗೇಜ್ ತಂತಿಯ 1.5 ಮಿ.ಮೀ. ತುಂಡನ್ನು ಅದರಷ್ಟೇ ದಪ್ಪದ ಗಿಡ್ಡ ಕಾಲಿನ ಮೇಲೆ ಟಿ ಆಕಾರದಲ್ಲಿ ಅಂಟಿಸಿ. ತಂತಿ ಸಿಕ್ಕಿಸುವ ಕಣ್ಣು ಬೇಕಾದರೆ 42 ಗೇಜ್ ತಂತಿಯನ್ನು 0.3 ಬಿಟ್‌ಗೆ ಒಂದು ಸುತ್ತು ಹಾಕಿ, ಬಾಲಗಳನ್ನು ಹೊಸೆದು ತೂತಿಗೆ ಇಳಿಸಿ. ಪಿಟೋ ಕೊಳವೆಗೆ (ವಿಮಾನದ ವೇಗ ಅಳೆಯಲು ಹೊರಚಾಚಿರುವ ಕೊಳವೆ) ಇನ್ಸುಲಿನ್ ಸೂಜಿ ಹೇಳಿಮಾಡಿಸಿದಂತಿದೆ. 31 ಗೇಜ್ ಸೂಜಿಯ ಹೊರವ್ಯಾಸ 0.26 ಮಿ.ಮೀ., ಉಕ್ಕಾದ್ದರಿಂದ ಬಾಗುವುದಿಲ್ಲ. ಕತ್ತರಿಸಲು ಇಕ್ಕಳ ಬಳಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಅರದಿಂದ ಸುತ್ತ ಗೀರಿ ಮುರಿಯಿರಿ. ಬಳಸಿದ ಸೂಜಿ ಬೇಡವೇ ಬೇಡ, ಹೊಸದನ್ನೇ ತನ್ನಿ, ತುಂಡು ಹಾರುವುದರಿಂದ ಕಣ್ಣಿಗೆ ಕನ್ನಡಕ ಇರಲಿ.

ಎರಡು ತಂತಿ ಒಂದನ್ನೊಂದು ಹಾಯುವಲ್ಲಿ ಉಜ್ಜಿ ಸವೆಯದಂತೆ ನಿಜವಾದ ವಿಮಾನಗಳಲ್ಲಿ ಒಂದು ಪುಟ್ಟ ತುಂಡು ಕಟ್ಟಿರುತ್ತಿದ್ದರು. ಎಳೆದ ಸ್ಪ್ರೂವಿನ 1 ಮಿ.ಮೀ. ಚೂರನ್ನು ಬಿಳಿ ಅಂಟಿನಿಂದ ಅಲ್ಲಿ ಕೂರಿಸಿ. ಇಷ್ಟು ಸಣ್ಣದು ಇಡೀ ರಿಗ್ಗಿಂಗ್‌ಗೆ ಜೀವ ತರುತ್ತದೆ.

ಪ್ರಶ್ನೆ: 1/72ರ ಕ್ಯಾಟಲಿನಾ ಕಟ್ಟುತ್ತಿದ್ದೇನೆ. ಇದಕ್ಕೂ ರಿಗ್ಗಿಂಗ್ ಬೇಕೇ?
ಹಾವೇರಿ

ಉತ್ತರ: ರೆಕ್ಕೆಯನ್ನು ಹಿಡಿದಿರುವುದು ಗಟ್ಟಿ ಸ್ಟ್ರಟ್‌ಗಳಾದ್ದರಿಂದ ಬಿಗಿ ತಂತಿ ಬೇಕಿಲ್ಲ, ರೇಡಿಯೊ ಆಂಟೆನಾ ತಂತಿ ಮಾತ್ರ. 0.07 ಮಿ.ಮೀ. ಮೀರದ ಹಿಗ್ಗುವ ದಾರ ಹಾಕಿ, ರೆಕ್ಕೆಗೆ ಕೈ ತಾಗಿದರೂ ಹರಿಯುವುದಿಲ್ಲ. ಇನ್ಸುಲೇಟರ್‌ಗೆ ದಾರದ ಮೇಲೆ ಬಿಳಿ ಅಂಟಿನ ಹನಿಯಿಟ್ಟು ಒಣಗಿಸಿ, ಇನ್ನೊಂದು ಹನಿಯಿಟ್ಟರೆ ಸಾಕು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರಿಪೇರಿಯಾದ ವಿಮಾನವಿದು, ನಮ್ಮ ರಾಜ್ಯದವರು ಕಟ್ಟಲೇಬೇಕಾದ ಮಾಡೆಲ್. ನಿಮ್ಮದು ಚಕ್ರವಿರುವ 5ಎ ಮಾದರಿಯಾದರೆ ಹಲ್‌ನ (ದೋಣಿಯಾಕಾರದ ಮೈ) ಎರಡು ಪಾಲು ಮುಚ್ಚುವ ಮೊದಲೇ ಮೂತಿಯಲ್ಲಿ ಮೀನುಬಲೆಯ ಸೀಸದ ಗುಂಡು ತುಂಬಿ, ರೆಕ್ಕೆಯನ್ನು ಟೇಪಿನಿಂದ ತಾತ್ಕಾಲಿಕವಾಗಿ ಕೂಡಿಸಿ ನಿಲ್ಲಿಸಿ ನೋಡಿ. ಇಲ್ಲದಿದ್ದರೆ ಬಾಲದ ಮೇಲೆ ಕೂರುತ್ತದೆ.

ಪ್ರಶ್ನೆ: ಕಟ್ಟಿದ ಮಾಡೆಲ್ ಮೇಲೆ ಧೂಳು ಕೂತಿದೆ, ಒರೆಸಲು ಹೋಗಿ ಎರಡು ತಂತಿ ಕಿತ್ತವು.
ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಬಟ್ಟೆ ಮುಟ್ಟಿಸಬೇಡಿ. ಅಗಲವಾದ ಮೆತ್ತನೆಯ ಬ್ರಷ್‌ನಿಂದ ತಂತಿಯ ಉದ್ದಕ್ಕೆ ಮಾತ್ರ ಸವರಿ, ಅಡ್ಡಕ್ಕೆ ಬೇಡ. ಕಿತ್ತ ತಂತಿಯ ತೂತನ್ನು 0.3 ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ಶುಚಿಮಾಡಿ. ಹಳೆಯ ಅಂಟಿನ ಮೇಲೆ ಹೊಸ ಹನಿ ನಿಲ್ಲುವುದಿಲ್ಲ. ಆ ಎರಡು ತಂತಿಗಳಿಗೆ ಹಿಗ್ಗುವ ದಾರ ಅಥವಾ ಸಂದಿಗೆ ಅಳೆದು ಕತ್ತರಿಸಿದ ತಾಮ್ರ ಬಳಸಿ. ನೈಲಾನ್ ಎಳೆದು ಕಟ್ಟಲು ಹೋದರೆ ಪಕ್ಕದ ತಂತಿಗಳು ಸಡಿಲಾಗುತ್ತವೆ. ಅಕ್ವೇರಿಯಂ ಮಾಡುವವರ ಬಳಿ 4 ಮಿ.ಮೀ. ಗಾಜಿನ ಪೆಟ್ಟಿಗೆ ಮಾಡಿಸಿ ಬೋರಲು ಹಾಕಿ, ಸುತ್ತಲೂ ರೆಕ್ಕೆಯ ತುದಿಯಿಂದ 3 ಸೆಂ.ಮೀ. ಜಾಗ ಇರಲಿ.